ಮೆಲಾಕಾದಲ್ಲೊಂದು ಹಿಮದ ಮನೆ

ಡಾ. ವಾರಿಜಾಕ್ಷಿಯವರ ಆ ಒಂದು ಪಾಠವನ್ನು ತೆಗೆದುಹಾಕಿದವರು ಹೊಸ ಡೀನ್ ತ್ರಿವಿಕ್ರಮ. ಉಡುಪಿಯ ವಾರಿಜಾಕ್ಷಿ ಕಡಲಾಚೆಯ ಸೆಕೆನಾಡಿನ ಊರು ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ಆರೋಗ್ಯ ಕಲಿಸುತ್ತಿದ್ದರು. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಹಿಮವನ್ನು, ಮಂಜುಗಡ್ಡೆಯನ್ನು ಹೇಗೆ ಬಳಸುತ್ತಾರೆ ಎಂದು ಪ್ರತಿ ವರ್ಷ ಒಂದು ತರಗತಿಯಲ್ಲಿ ಹೇಳುವುದು ಅವರ ರೂಢಿ. ಸಮುದ್ರದ ಹಳೆಯ ಮಂಜುಗಡ್ಡೆಯಿಂದ ಉಪ್ಪು ಇಳಿದುಹೋಗಿರುತ್ತದೆ, ಕರಗಿಸಿ ಕುಡಿಯಬಹುದು. ಹೆಪ್ಪುಗಟ್ಟಿದ ನೆಲವನ್ನು ಅಗೆದು ಮಾಂಸ ಇಟ್ಟರೆ ಬೇಸಿಗೆಯಲ್ಲೂ ಉಳಿಯುತ್ತದೆ. ಹೀಗೆ.

ತ್ರಿವಿಕ್ರಮ ಮೈಸೂರಿನವರು, ಕೆಟ್ಟವರೇನಲ್ಲ. ಪರೀಕ್ಷೆಗೆ ಬಾರದ್ದು ಬೇಡ, ಆ ಹೊತ್ತಿನಲ್ಲಿ ಡೆಂಗಿ ಕಲಿಸಿ ಎಂದರು. ಎರಡನ್ನೂ ಕಲಿಸುತ್ತೇನೆಂದು ವಾರಿಜಾಕ್ಷಿ ಹಟ ಹಿಡಿದಾಗ ಎಲ್ಲ ಅಧ್ಯಾಪಕರ ಮುಂದೆಯೇ ನಕ್ಕರು.

“ಬೇರೆ ದಾರಿ ಇಲ್ದೆ ಐಸಲ್ಲಿ ಬದುಕೋ ಜನ ಮೇಡಂ, ಪಾಪ. ಅವರಿಂದ ನಮ್ ಹುಡುಗರು ಕಲಿಯೋದೇನಿದೆ?”

“ನಾನು ಬದುಕಿ ಉಳಿದದ್ದೇ ಅವರ ವಿದ್ಯೆಯಿಂದ ಸರ್. ಪಾಪ ಅಂತ ಹೇಳ್ಬೇಡಿ.”

ಅದು ನಿಜ. ಮಣಿಪಾಲದ ಓದು ಮುಗಿಸಿ ಅವರು ಕೆನಡಾದ ಉತ್ತರ ತುದಿಯ ಊರೊಂದರಲ್ಲಿ ಕೆಲಸಕ್ಕಿದ್ದರು. ಒಮ್ಮೆ ಪಕ್ಕದ ಊರಿನ ಬಾಣಂತಿಯನ್ನು ನೋಡಿ ಮರಳುವಾಗ ಬಿರುಗಾಳಿ ಎದ್ದಿತು. ಗಾಡಿ ಕೆಟ್ಟು ಹಿಮದ ಬಯಲಿನ ನಡುವೆ ನಿಂತಿತು. ಜೊತೆಗಿದ್ದದ್ದು ಆಸ್ಪತ್ರೆಯ ದುಭಾಷಿ ಅಲೂಕಿ ಎಂಬ ಇನ್ಯೂಟ್ ಹೆಂಗಸು. ಅಲೂಕಿ ಉದ್ದನೆಯ ಚಾಕುವಿನಿಂದ ಹಿಮವನ್ನು ಚುಚ್ಚಿ ನೋಡುತ್ತ, ಗಾಳಿ ಬಡಿದು ಗಟ್ಟಿಯಾಗಿದ್ದ ಜಾಗ ಹುಡುಕಿದರು. ಅಲ್ಲಿಂದ ದಪ್ಪ ಇಟ್ಟಿಗೆಗಳನ್ನು ಕತ್ತರಿಸಿ, ಒಳಕ್ಕೆ ಬಾಗಿಸಿ ಜೋಡಿಸಿದರು. ವಾರಿಜಾಕ್ಷಿ ನಡುಗುತ್ತ ಸಂದುಗಳಿಗೆ ಹಿಮ ತುಂಬಿದರು. ಬಾಗಿಲು ತಗ್ಗಿನಲ್ಲಿ, ಮಲಗುವ ಜಗಲಿ ಎತ್ತರದಲ್ಲಿ. ಮೈಯ ಬಿಸಿ ಮೇಲೆಯೇ ಉಳಿಯಿತು. ಹೊರಗೆ ಗಾಳಿ ಊಳಿಡುತ್ತಿದ್ದಾಗ, ಹಿಮವೆಂದರೆ ಚಳಿಯಲ್ಲ, ಚಳಿಗೆ ಹೊದಿಕೆ ಎಂದು ಅಲೂಕಿ ಹೇಳಿಕೊಟ್ಟರು. ಗಾಳಿ ತಗ್ಗಿದಾಗ ಇಬ್ಬರೂ ಊರಿಗೆ ನಡೆದುಬಂದರು.

ಅಂಥವರನ್ನು ಪಾಪದವರೆಂದು ಕರೆದದ್ದು ವಾರಿಜಾಕ್ಷಿಗೆ ಸಹಿಸಲಾಗಲಿಲ್ಲ. ಮೀನಿನ ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡಿದ್ದ ಪರಿಚಯದ ಆಹ್ ಸೆಂಗ್ ಎಂಬಾತನ ಬಳಿ ಹೋಗಿ, ಹಿಮದ ಮನೆ ಕಟ್ಟಿ ತೋರಿಸಲು ಒಂದು ಖಾಲಿ ಕೋಣೆ ಕೇಳಿದರು. ಆತ ನಗುತ್ತಲೇ ಬೀಗದ ಕೈ ಕೊಟ್ಟ. ಯಂತ್ರದಲ್ಲಿ ತುರಿದ ಐಸನ್ನು ಮೀನಿನ ಪೆಟ್ಟಿಗೆಗಳಲ್ಲಿ ಒತ್ತಿ ಗಟ್ಟಿಯಾಗಲು ಬಿಟ್ಟರು. ಭಾನುವಾರ ಕೆಲವು ವಿದ್ಯಾರ್ಥಿಗಳು ತಾವಾಗಿ ಬಂದರು. ಎಲ್ಲರೂ ಸೇರಿ ಗರಗಸದಿಂದ ಇಟ್ಟಿಗೆ ಕೊಯ್ದು ಗೋಡೆ ಎಬ್ಬಿಸಿದರು. ಎದೆಯೆತ್ತರ ಬಂದದ್ದೇ ಅದು ಕುಸಿದುಬಿತ್ತು.

ಸುದ್ದಿ ಡೀನ್ ಕಿವಿಗೆ ಬಿತ್ತು. ಇದನ್ನು ನಿಲ್ಲಿಸದಿದ್ದರೆ ಮುಂದಿನ ವರ್ಷದ ಕಾಂಟ್ರ್ಯಾಕ್ಟಿಗೆ ಶಿಫಾರಸು ಮಾಡಲಾರೆ ಎಂದು ಅವರು ಫೋನಿನಲ್ಲಿ ಹೇಳಿದರು.

“ಭಾನುವಾರ ನನ್ನದು ಸರ್,” ಎಂದರು ವಾರಿಜಾಕ್ಷಿ. “ಕಾಂಟ್ರ್ಯಾಕ್ಟ್ ನಿಮ್ಮದು, ನೀವೇ ಇಟ್ಕೊಳ್ಳಿ.”

ಬಿದ್ದ ಗೋಡೆಯ ಮುಂದೆ ಕೂತು ಯೋಚಿಸಿದಾಗ ತಪ್ಪು ಹೊಳೆಯಿತು. ಸಿಟ್ಟಿನ ಅವಸರದಲ್ಲಿ ಅವರು ಸಾಲುಗಳನ್ನು ಮಟ್ಟಸವಾಗಿ ಇಟ್ಟಿದ್ದರು. ಅಲೂಕಿ ಮೊದಲ ಸಾಲನ್ನೇ ಇಳಿಜಾರಾಗಿ ಕೊರೆದು, ಸುರುಳಿ ಸುತ್ತಿದಂತೆ ಕಟ್ಟಿದ್ದರು. ಪ್ರತಿ ಇಟ್ಟಿಗೆಯೂ ಹಿಂದಿನದಕ್ಕೆ ಒರಗಿ ನಿಲ್ಲುತ್ತಿತ್ತು. ಮುಂದಿನ ಭಾನುವಾರ ಹಾಗೆಯೇ ಕಟ್ಟಿದರು. ಗುಮ್ಮಟ ನಿಂತಿತು. ಹೊಗೆಗೆ ಮೇಲೊಂದು ಕಿಂಡಿ ಬಿಟ್ಟು, ಒಳಗೆ ತೆಂಗಿನೆಣ್ಣೆಯ ದೀಪ ಹಚ್ಚಿ, ಹುಡುಗ ಹುಡುಗಿಯರು ತೆವಳಿಕೊಂಡು ಹೋಗಿ ಒತ್ತೊತ್ತಾಗಿ ಕೂತರು. ಕೋಣೆಯಲ್ಲಿ ಮೀನು ಕಲ್ಲಾಗುವ ಚಳಿ. ಗುಮ್ಮಟದೊಳಗಿನ ಥರ್ಮಾಮೀಟರು ಮಾತ್ರ ಏರುತ್ತಲೇ ಹೋಗಿ ಸೊನ್ನೆಯ ಹತ್ತಿರ ನಿಂತಿತು. ಮನೆಯಲ್ಲಿ ಕನ್ನಡ ಕೇಳಿ ಬೆಳೆದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಪೂರ್ವಿ ಜಾಕೆಟ್ಟಿನ ಜಿಪ್ ಇಳಿಸಿದಳು.

“ವಾರ್ಮ್ ಲಾ, ಡಾಕ್ಟರ್,” ಎಂದಳು, ಆ ಊರಿನವರು ಮಾತಿಗೆಲ್ಲ ಸೇರಿಸುವ ‘ಲಾ’ ಸೇರಿಸಿ.

ವಾರಿಜಾಕ್ಷಿ ದೀಪದ ಬತ್ತಿ ಸರಿಪಡಿಸಿದರು.

ಡೀನ್ ಹೇಳಿದಂತೆಯೇ ಮಾಡಿದರು, ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ವಾರಿಜಾಕ್ಷಿ ಬೇಡಿಕೊಳ್ಳಲು ಹೋಗಲಿಲ್ಲ, ಊರಿಗೂ ಮರಳಲಿಲ್ಲ. ಈಗ ಮೆಲಾಕಾದಲ್ಲೇ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುತ್ತಾರೆ. ಪ್ರತಿ ವರ್ಷ ಕೋಲ್ಡ್ ಸ್ಟೋರೇಜಿನ ಆ ಕೋಣೆಯಲ್ಲಿ ಪಾಠ ನಡೆದೇ ನಡೆಯುತ್ತದೆ. ಈ ಸಲ ಕಾಲೇಜಿನಿಂದ ಬಂದ ಹೊಸ ಹುಡುಗ ಶರಣ್ ಇದಕ್ಕೆ ಮಾರ್ಕ್ಸ್ ಇದೆಯೇ ಎಂದು ಕೇಳಿದ.

“ಮಾರ್ಕ್ಸ್ ಇಲ್ಲ, ಕೆಲಸ ಉಂಟು. ಗರಗಸ ಹಿಡ್ಕೊ,” ಎಂದರು ವಾರಿಜಾಕ್ಷಿ.