ಭಾವನವರ ಫೋನು

ಹುಷಾರು ತಪ್ಪಿದರೆ ನಮ್ಮ ಮನೆಯಲ್ಲಿ ಯಾರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಭಾನುವಾರಕ್ಕೆ ಕಾಯುತ್ತಿದ್ದರು. ಅಪ್ಪನ ಅಣ್ಣ ದಾವಣಗೆರೆಯಲ್ಲಿ ಡಾಕ್ಟರು. ತೊಂಬತ್ತರ ದಶಕದಲ್ಲಿ ಅಗ್ರಹಾರದ ನಮ್ಮ ಮನೆಗೆ ಫೋನು ಬಂದಮೇಲೆ, ಭಾನುವಾರ ಎಸ್‌ಟಿಡಿ ದರ ಕಡಿಮೆಯೆಂದು ಮನೆಮಂದಿಯ ಕೆಮ್ಮು, ಭೇದಿ, ಮಂಡಿನೋವನ್ನೆಲ್ಲ ಅಪ್ಪ ಅಂದೇ ಅವರಿಗೆ ಒಪ್ಪಿಸುತ್ತಿದ್ದರು. ಅತ್ತಲಿಂದ ಮಾತ್ರೆಯ ಹೆಸರು ಬರುತ್ತಿತ್ತು. "ಮೈ ಮುಟ್ಟದೇನೇ ಕಾಯಿಲೆ ಹಿಡೀತಾನೆ ನಮ್ಮಣ್ಣ" ಎಂದು ಅಪ್ಪ ಬೇರು-ನಾರು, ಪೂಜೆ ಸಾಮಾನು ಮಾರುವ ತಮ್ಮ ಗ್ರಂಥಿಗೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬೀಗುತ್ತಿದ್ದರು.

ಅಮ್ಮನ ಸರದಿ ಬಂದಾಗ ಮಾತ್ರ ತೊಡಕು. ದೊಡ್ಡಪ್ಪ ಅವಳಿಗೆ ಭಾವ. ನಮ್ಮ ಮನೆತನದ ಸೊಸೆ ಭಾವನ ಎದುರು ನಿಲ್ಲಬಾರದು, ನೇರವಾಗಿ ಮಾತಾಡಬಾರದು. ಫೋನಿನಲ್ಲೇನು ಮುಖ ಕಾಣುತ್ತದೆಯೇ? ಆದರೂ ಅಮ್ಮ ತಲೆಗೆ ಸೆರಗು ಹೊದ್ದು ಅಡುಗೆಮನೆ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ದೊಡ್ಡಪ್ಪ ಕೇಳಿದ್ದನ್ನು ಅಪ್ಪ ಅವಳಿಗೆ ಕೂಗಿ ಹೇಳಬೇಕು, ಅವಳ ಉತ್ತರವನ್ನು ಫೋನಿಗೆ ಹೇಳಬೇಕು. ಬರಬರುತ್ತಾ ಕೂಗುವುದಕ್ಕೂ ಬೇಸರವಾಗಿ ಅಪ್ಪ ಉತ್ತರವನ್ನೂ ತಾವೇ ಕೊಡತೊಡಗಿದರು.

ನಾನು ಕಾಲೇಜಿನಲ್ಲಿದ್ದಾಗ, ಮುಟ್ಟು ನಿಂತು ವರ್ಷಗಳಾಗಿದ್ದ ಅಮ್ಮನಿಗೆ ಮತ್ತೆ ರಕ್ತ ಹೋಗತೊಡಗಿತು. ಬಚ್ಚಲಲ್ಲಿ ಬಟ್ಟೆ ನೆನೆಸುತ್ತಾ ನನಗೆ ಹೇಳಿದಳು. ಅಪ್ಪನಿಗೆ ಆಗಲೇ ಹೇಳಿಯಾಗಿತ್ತು. ಲೇಡಿ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ನಿಮ್ಮಪ್ಪ ಭಾವನೋರ್ನ ಕೇಳ್ತಾರಂತೆ, ಇರು," ಎಂದಳು.

ಭಾನುವಾರ ಬಂತು. ದೊಡ್ಡಪ್ಪನ ಗಂಟಲು ದೊಡ್ಡದು, ಆಡಿದ್ದೆಲ್ಲ ನಡುಮನೆಗೂ ಕೇಳುತ್ತಿತ್ತು.

"ಸುಸ್ತಂತೆ ಕಣಣ್ಣ," ಎಂದರು ಅಪ್ಪ.

"ರಕ್ತ ಗಿಕ್ತ ಹೋಗ್ತಿದ್ಯಾ? ಸರಿಯಾಗಿ ಕೇಳು."

ಅಪ್ಪನ ಮುಖ ಕೆಂಪಾಯಿತು. ಅಣ್ಣನ ಮುಂದೆ ಹೆಂಡತಿಯ ಅಂಥ ವಿಷಯ ಎತ್ತುವುದೇ? "ಅದೆಲ್ಲ ಏನಿಲ್ಲ ಬುಡಣ್ಣ."

"ದೊಡ್ಡಪ್ಪಾ, ಇದೆ!" ಎಂದು ನಾನು ಫೋನಿಗೆ ಕೈ ಹಾಕಿದೆ. ಅಪ್ಪ ಅಷ್ಟರಲ್ಲೇ ರಿಸೀವರಿನ ಬಾಯಿ ಮುಚ್ಚಿಕೊಂಡು ಹಲ್ಲು ಕಡಿದರು. "ಮಾನ ಮರ್ಯಾದೆ ಇಲ್ವೇನೇ? ನಡಿ ಒಳಗೆ." ಆಮೇಲೆ ಫೋನಿಗೆ ಪುಟ್ಟ ಬೀಗ ಬಿತ್ತು, ಬೀಗದಕೈ ಅವರ ಉಡಿದಾರ ಸೇರಿತು. ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ದಾವಣಗೆರೆಯಿಂದ ಸುಸ್ತಿಗೆ ಟಾನಿಕ್ಕು ಬಂತು, ಬಾಯಿಮಾತಲ್ಲಿ. ಅಮ್ಮ ಮೂಗು ಮುಚ್ಚಿಕೊಂಡು ಬಾಟಲಿ ಬಾಟಲಿ ಕುಡಿದಳು. ನೀರೊಲೆಯ ಮುಂದೆ ಕುಸಿದು ಬಿದ್ದಮೇಲೆಯೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದು. ಅಲ್ಲಿನ ಲೇಡಿ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ, ಯಾವಾಗಿನಿಂದ ಎಂದು ಅಮ್ಮನನ್ನೇ ಕೇಳಿದರು.

"ಹೋದ ಗೌರಿಹಬ್ಬದಿಂದ," ಎಂದಳು ಅಮ್ಮ. ತನ್ನ ಕಾಯಿಲೆಯನ್ನು ಅವಳು ತನ್ನ ಬಾಯಲ್ಲೇ ಡಾಕ್ಟರಿಗೆ ಹೇಳಿದ್ದು ಅದೇ ಮೊದಲು. ಗರ್ಭಕೋಶದ ಕ್ಯಾನ್ಸರ್, ಕೈಮೀರಿದೆ ಎಂದರು.

ಮುಂದಿನ ಭಾನುವಾರ ಅಪ್ಪ ಅಣ್ಣನಿಗೆ ವಿಷಯ ತಿಳಿಸಿದರು.

"ಆವತ್ತೇ ಕೇಳಿದ್ನಲ್ಲೋ! ಆಗ್ಲೇ ಹೇಳಿದ್ರೆ ಉಳಿಸ್ಕೋಬೋದಿತ್ತು. ಯಾಕೆ ಮುಚ್ಚಿಟ್ಲು ಅವಳು?"

ಅಮ್ಮ ಬಾಗಿಲ ಹಿಂದೆ ಗೋಡೆಗೊರಗಿ ನಿಂತಿದ್ದಳು, ಸೆರಗು ಹೊದ್ದೇ. ಅಪ್ಪ ಅವಳತ್ತ ತಿರುಗಲಿಲ್ಲ.

"ನನಗೂ ಹೇಳ್ಲಿಲ್ಲ ಕಣಣ್ಣ," ಎಂದರು.