ಸ್ಕಿಡ್ ಪ್ಲೇಟು ಮತ್ತು ಯಲ್ಲಪ್ಪನ ಅಂಗೈ

ಕೋವಿಡ್ ಕಾಟ ಮುಗಿದ ಮರುವರ್ಷ ನಾನು ವಿಶಾಖಪಟ್ಟಣದ ಗಾಜುವಾಕದಲ್ಲಿ ಒಂದು ಖಾಸಗಿ ಸರ್ವೆ ಕಂಪನಿಯ ವಾಹನಗಳ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದೆ. ಊರು ಹಾವೇರಿ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತರೆ ಹೆಂಡತಿಗೂ ನನಗೂ ದಿನಾ ಜಗಳವೆಂದು ಹಿಡಿದ ಕೆಲಸ ಅದು. ಅನಕಾಪಲ್ಲಿಯಾಚೆಯ ಗುಡ್ಡಗಳಲ್ಲಿ ವಿದ್ಯುತ್ ಲೈನಿಗಾಗಿ ದಾರಿ ಅಳೆಯುವವರನ್ನು ನಮ್ಮ ಜೀಪುಗಳು ಹತ್ತಿಸಿ ಇಳಿಸುತ್ತಿದ್ದವು.

ಕಂಪನಿಯ ಮಾಲೀಕ ಮುರಳೀಧರ ಇದ್ದದ್ದು ವಿಜಯವಾಡದಲ್ಲಿ. ಅವರ ಅಪ್ಪ ಬಳ್ಳಾರಿಯಿಂದ ಹೋಗಿ ಅಲ್ಲಿ ನೆಲೆಸಿದವರು. ಮಗನಿಗೆ ಕನ್ನಡ ಅಡುಗೆಮನೆಯ ಭಾಷೆಯಾಗಿ ಉಳಿದಿತ್ತು. ಗಿರಾಕಿಗಳ ಜೊತೆ ತೆಲುಗು, ನನ್ನ ಜೊತೆ ಮುಕ್ಕಾಲು ಇಂಗ್ಲಿಷ್, ಡ್ರೈವರ್ ಯಲ್ಲಪ್ಪನನ್ನು ಬೈಯುವಾಗ ಮಾತ್ರ ಅಚ್ಚ ಕನ್ನಡ. ಸಿಂಧನೂರು ಕಡೆಯ ಯಲ್ಲಪ್ಪನಿಗೆ ಅದೇ ಹೆಮ್ಮೆ. "ಸಾಹೇಬ್ರು ನಮ್ಮ ಮಾತಿನವ್ರು ಸರ. ಬೈದ್ರೂ ನಮ್ಮ ಮಾತಿನ್ಯಾಗ ಬೈತಾರ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗುಡ್ಡದ ದಾರಿಯ ಕಲ್ಲುಗಳು ಜೀಪಿನ ಹೊಟ್ಟೆಯಡಿಯ ಡೀಸೆಲ್ ಟ್ಯಾಂಕಿಗೆ ಬಡಿಯುತ್ತಿದ್ದವು. ಅದಕ್ಕೆಂದೇ ಯಲ್ಲಪ್ಪನ ಜೀಪಿಗೆ ಸ್ಕಿಡ್ ಪ್ಲೇಟ್ ಹಾಕಿಸಿದೆ. ಟ್ಯಾಂಕಿನ ಕೆಳಗೆ ಪರಾತದಂತೆ ಅಂಚು ಮಡಿಸಿದ ದಪ್ಪ ಉಕ್ಕಿನ ಹಾಳೆ ಅದು. ಅದನ್ನು ಟ್ಯಾಂಕಿಗೆ ಕಟ್ಟಬಾರದು, ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಬೋಲ್ಟ್ ಹಾಕಬೇಕು. ಟ್ಯಾಂಕಿಗೂ ಪ್ಲೇಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಬಿಡಬೇಕು. ಒಳಗೆ ಸೇರಿದ ನೀರು, ಮಣ್ಣು ಬಿದ್ದುಹೋಗಲು ತಳದಲ್ಲಿ ತೂತು ಬೇಕು. ಇಷ್ಟನ್ನೂ ನಾನೇ ಎದುರು ನಿಂತು ಮಾಡಿಸಿದ್ದೆ.

ಮುಂದಿನ ತಿಂಗಳು ಆ ಜೀಪನ್ನು ಮುರಳೀಧರ ತಮ್ಮ ಓಡಾಟಕ್ಕೆಂದು ವಿಜಯವಾಡಕ್ಕೆ ತರಿಸಿಕೊಂಡರು. ಗನ್ನವರಂ ವಿಮಾನ ನಿಲ್ದಾಣದಿಂದ ಯಾರೋ ದೊಡ್ಡ ಗಿರಾಕಿಯನ್ನು ಕೂರಿಸಿಕೊಂಡು ಬರುವಾಗ ಪ್ಲೇಟು ಗಡಗಡ ಸದ್ದು ಮಾಡಿತಂತೆ. ಅಲ್ಲಿನ ಗ್ಯಾರೇಜೊಂದರಲ್ಲಿ ಅದನ್ನು ಸುಮ್ಮನಾಗಿಸಿ ಜೀಪನ್ನು ಗಾಜುವಾಕಕ್ಕೆ ವಾಪಸ್ ಕಳುಹಿಸಿದರು. ಏನು ಮಾಡಿದಿರಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ "ಬೋಲ್ಟ್ ಟೈಟ್ ಮಾಡ್ಸಿದೆ" ಎಂದರು.

ಕೆಲವೇ ವಾರಗಳಲ್ಲಿ ಆ ಜೀಪಿನ ಡೀಸೆಲ್ ಲೆಕ್ಕ ತಪ್ಪತೊಡಗಿತು. ಹಾಕಿಸಿದ್ದಕ್ಕೂ ಓಡಿದ್ದಕ್ಕೂ ತಾಳೆಯಾಗದು. ಗಾಡಿಯಲ್ಲಿ ವಾಸನೆ ಬರುತ್ತದೆ ಎಂದು ಯಲ್ಲಪ್ಪ ಹೇಳಿದ್ದಕ್ಕೆ ನಾನು ಬಗ್ಗಿ ನೋಡಿದೆ. ಜೀಪುಗಳು ನಿಲ್ಲುವ ಯಾರ್ಡಿನ ನೆಲ ಒಣಗಿತ್ತು, ಪೈಪುಗಳಲ್ಲಿ ಸೋರಿಕೆ ಇರಲಿಲ್ಲ. ಪ್ಲೇಟು ಬಿಚ್ಚಿ ನೋಡಬೇಕು, ಅರ್ಧ ದಿನ ಜೀಪು ಬಿಡಿ ಎಂದು ಕೇಳಿದೆ. "ಗಾಡಿ ಸರ್ವೆ ಕೆಲಸದ ಮೇಲಿದೆ. ಬಿಚ್ಚೋದು ಬೇಡ. ಡೀಸೆಲ್ ಎಲ್ಲಿ ಹೋಗುತ್ತೆ ಅಂತ ನನಗೆ ಗೊತ್ತು" ಎಂದು ಮುರಳೀಧರ ಫೋನಿಟ್ಟರು.

ಎರಡು ದಿನ ಬಿಟ್ಟು ತಾವೇ ಬಂದರು. ಎಲ್ಲ ಡ್ರೈವರುಗಳನ್ನೂ ಯಾರ್ಡಿನಲ್ಲಿ ಸಾಲಾಗಿ ನಿಲ್ಲಿಸಿ ಯಲ್ಲಪ್ಪನನ್ನು ಮುಂದೆ ಕರೆದರು.

"ಏನಯ್ಯಾ, ಎಲ್ಲಿ ಮಾರ್ತೀ ಡೀಸೆಲ್ಲು?"

"ಒಂದ್ ಹನಿ ಮುಟ್ಟಿಲ್ರೀ ಸಾಹೇಬ್ರ. ಗಾಡ್ಯಾಗ ವಾಸ್ನಿ ಬರತೈತಿ ಅಂತ ಸರಗೂ ಹೇಳೀನಿ."

"ಪೈಪ್ ಹಾಕಿ ಎಳೆದ್ರೆ ವಾಸನೆ ಬರದೇ ಇರುತ್ತಾ?"

ಆಫೀಸಿನ ದೇವರ ಗೂಡಿನಿಂದ ಕರ್ಪೂರ ತರಿಸಿದರು. ಉರಿಯುವ ಕರ್ಪೂರ ಮುಟ್ಟಿ ಆಣೆ ಮಾಡುವುದು ನಮ್ಮಲ್ಲೂ ಉಂಟು, ತೆಲುಗರಲ್ಲೂ ಉಂಟು, ಆದರೆ ತಟ್ಟೆಯಲ್ಲಿ ಹಚ್ಚುತ್ತಾರೆ. ಇವರು ಅಂಗೈ ಮೇಲೆ ಹಚ್ಚು ಎಂದರು. ಕಳ್ಳನಲ್ಲದಿದ್ದರೆ ಆರುವ ತನಕ ಹಿಡಿದಿರಬೇಕಂತೆ. ನಾನು ಮುಂದೆ ಹೋಗಿ "ಇದೇನು ಹುಚ್ಚಾಟ!" ಎಂದು ಕೂಗಿದೆ. ಯಲ್ಲಪ್ಪನೇ ನನ್ನನ್ನು ತಡೆದ. "ಇರ್ಲಿ ಬಿಡ್ರಿ ಸರ. ಎಲ್ಲಾರೂ ನೋಡ್ಲಿ."

ಎಲ್ಲರೂ ನೋಡಿದರು. ಅವನ ಕೈ ಅಲುಗಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸುಟ್ಟ ಚರ್ಮದ ವಾಸನೆ ನಮ್ಮ ತನಕ ಬಂತು. ಕರ್ಪೂರ ಆರಿತು. ಮುರಳೀಧರ ನನ್ನ ಕಡೆ ತಿರುಗಿ ನಕ್ಕರು. "ನೋಡಿದ್ರಾ ಇಂಜಿನಿಯರ್ ಗಾರೂ, ಎಂಥ ಗಟ್ಟಿ ಕಳ್ಳ!" ಅಂದು ಸಂಜೆಯೊಳಗೆ ಯಲ್ಲಪ್ಪ ಕಂಪನಿಯ ಕೋಣೆ ಖಾಲಿ ಮಾಡಿದ. ಹೆಂಡತಿ ಪಾತ್ರೆಗಳ ಚೀಲ ಹೊತ್ತಿದ್ದಳು, ಅವನು ಎಡಗೈಯಲ್ಲಿ ಟ್ರಂಕು ಹಿಡಿದಿದ್ದ.

ಬೇರೆ ಡ್ರೈವರ್ ಬಂದ. ಡೀಸೆಲ್ ಹೋಗುವುದು ನಿಲ್ಲಲಿಲ್ಲ. ಇವನೂ ಕಳ್ಳ ಎಂದು ಮುರಳೀಧರ ಶುರುಮಾಡಿದರು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಜೀಪನ್ನು ರ‍್ಯಾಂಪಿಗೆ ಹತ್ತಿಸಿ, ಕೆಳಗೆ ನಿಂತು ಪ್ಲೇಟಿನ ಬೋಲ್ಟು ಸಡಿಲಿಸಿದೆ. ಒಂದು ಮೂಲೆ ಜಾರಿದ್ದೇ ತಡ, ಡೀಸೆಲ್ ನನ್ನ ತಲೆ ಮೇಲೆ ಸುರಿಯಿತು.

ವಿಜಯವಾಡದ ಗ್ಯಾರೇಜಿನವರು ಸದ್ದು ಅಡಗಿಸಲು ನಾನು ಬಿಟ್ಟಿದ್ದ ಜಾಗದಲ್ಲಿ ರಬ್ಬರ್ ಮ್ಯಾಟು ತುರುಕಿದ್ದರು. ತಳದ ತೂತುಗಳು ಅದರಿಂದಲೇ ಮುಚ್ಚಿಹೋಗಿದ್ದವು. ಮ್ಯಾಟಿನ ಅಂಚಿಗೆ ಸಿಕ್ಕಿಕೊಂಡ ಕಲ್ಲುಹರಳುಗಳು ಉಜ್ಜಿ ಉಜ್ಜಿ ಟ್ಯಾಂಕಿನ ಪಕ್ಕೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿದ್ದವು. ಸೋರಿದ್ದೆಲ್ಲ ಪ್ಲೇಟಿನಲ್ಲಿ ನಿಂತು, ಗುಡ್ಡ ಹತ್ತುವಾಗ ಹಿಂದಿನ ಅಂಚಿನಿಂದ ದಾರಿಗೆ ಚೆಲ್ಲುತ್ತಿತ್ತು. ಸಮತಟ್ಟಾದ ಯಾರ್ಡಿನಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ.

ಡೀಸೆಲಿನಲ್ಲಿ ತೊಯ್ದ ಅಂಗಿಯಲ್ಲೇ ಮುರಳೀಧರರಿಗೆ ಫೋನು ಮಾಡಿ, ಯಲ್ಲಪ್ಪನನ್ನು ವಾಪಸ್ ಕರೆಸಿ, ಅದೇ ಯಾರ್ಡಿನಲ್ಲಿ ಅವೇ ಜನರ ಮುಂದೆ ತಪ್ಪಾಯಿತು ಎನ್ನಿ ಎಂದೆ.

"ತಪ್ಪಾಯ್ತು ಅಂದ್ರೆ ನಾಳೆ ಎಲ್ರೂ ತಲೆ ಮೇಲೆ ಕೂಡ್ತಾರೆ. ಕೈ ಸುಡಿಸ್ಕೊಂಡ ಮನುಷ್ಯನ ಕೈಗೆ ಸ್ಟೇರಿಂಗ್ ಕೊಟ್ಟು ನಾನು ಹಿಂದೆ ಕೂಡ್ಲಾ?" ಎಂದರು. ಡೀಸೆಲ್ ಸುರಿದದ್ದನ್ನು ಕಂಡ ಮೆಕ್ಯಾನಿಕ್ಕುಗಳಿಗೂ ಬಾಯಿ ಬಿಟ್ಟರೆ ಕೆಲಸವಿಲ್ಲ ಎಂದು ಹೇಳಿಸಿದರು.

ಯಲ್ಲಪ್ಪ ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಯಲ್ಲಿದ್ದಾನೆಂದು ತಿಳಿದು ಹುಡುಕಿಕೊಂಡು ಹೋದೆ. ಹೆಗಲ ಮೇಲೆ ಬೆಲ್ಲದ ದೊಡ್ಡ ಅಚ್ಚು ಹೊತ್ತು ಬಂದ. ಗಾಯ ಕೀವಾಗಿ ಮಾಗಿ, ಬಲಗೈ ಬೆರಳುಗಳು ಒಳಕ್ಕೆ ಮುದುಡಿದ್ದವು. ಸ್ಟೇರಿಂಗ್ ಹಿಡಿಯುವ ಕೈ ಅದು. ಹೇಗೂ ಗಾಜುವಾಕದಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ. ಕೆಲಸ ಕೇಳಿದಲ್ಲೆಲ್ಲ ಅಲ್ಲಿನ ಮಾಲೀಕರಿಗೆ ಮುರಳೀಧರರಿಂದ ಒಂದು ಫೋನು ಹೋಗುತ್ತಿತ್ತು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವನು ಅಚ್ಚು ಇಳಿಸಿ ಕೇಳಿಸಿಕೊಂಡ.

"ಹತ್ತು ಮಂದಿ ಮುಂದ ಕಳ್ಳ ಅಂದ್ರು. ಅಲ್ಲ ಅನ್ನೂದನ್ನ ನಿಮ್ಮ ಕೈಲೆ ಹೇಳಿ ಕಳಿಸ್ಯಾರೇನ್ರಿ ಸರ?"

"ಅವರು ಕಳಿಸಿಲ್ಲಪ್ಪ. ನಾನೇ ಬಂದೆ."

"ಅಷ್ಟೂ ಇಲ್ಲ ಅನ್ರಿ" ಎಂದು ಅಚ್ಚನ್ನು ಮತ್ತೆ ಹೆಗಲಿಗೇರಿಸಿದ.

ಮುಚ್ಚಿದ್ದನ್ನು ಬಿಚ್ಚಿ ನೋಡುವ ಮೊದಲು ಮನುಷ್ಯನ ಕಡೆ ಬೆರಳು ತೋರಬಾರದು. ಇಷ್ಟು ವರ್ಷಗಳ ದುಡಿಮೆ ನನಗೆ ಕಲಿಸಿದ್ದು ಇದು. ಬಿಚ್ಚಿ ತೋರಿಸಿದರೆ ನ್ಯಾಯ ಸಿಗುತ್ತದೆ ಎಂದೂ ನಂಬಿದ್ದೆ. ಅದನ್ನು ಗಾಜುವಾಕ ಮರೆಸಿತು. ತಪ್ಪು ಪ್ಲೇಟಿನದೆಂದು ಗೊತ್ತಾದ ಮೇಲೆ ಮುರಳೀಧರ ಅದನ್ನು ತೊಳೆಸಿ, ಹೊಸ ಬೋಲ್ಟು ತರಿಸಿ, ಅದೇ ಜೀಪಿಗೆ ಮತ್ತೆ ಕೂರಿಸಿಕೊಂಡರು. ಯಲ್ಲಪ್ಪನನ್ನು ಗೇಟಿನೊಳಗೆ ಬಿಡಲಿಲ್ಲ.