ಬೆಳಗಿನ ಆಟದಲ್ಲಿ ಹೇಳದೆ ಬಿಟ್ಟ ಸೀನು

ಈಗಿನ ಹೊಡೆದಾಟದ ಸಿನಿಮಾಗಳ ಬಗ್ಗೆ ನನ್ನನ್ನು ಯಾರೂ ಕೇಳಬಾರದು. ಕೇಳಿದರೆ ನಾನು ಬಿಡುವವಳಲ್ಲ. ಅಲ್ಲಾ, ಆ ಹೀರೋಗಳಿಗೆ ಒಂದು ಚೊಂಬು ನೀರು ಹಾಕಿ ಮುಖ ತೊಳೆಸುವವರು ಯಾರೂ ಇಲ್ಲವೇ? ಮೈತುಂಬ ಮಸಿ, ಎದೆಯವರೆಗೆ ಗಡ್ಡ, ಕೈಯಲ್ಲೊಂದು ಕೊಡಲಿ. ಮಹಾಶಯ ಕಾರಿನಿಂದ ಒಂದು ಕಾಲು ಕೆಳಗಿಡುವುದಕ್ಕೆ ಐದು ನಿಮಿಷ ಬೇಕು. ಮೂರು ಗಂಟೆ ಕಂಡಕಂಡವರನ್ನು ಕತ್ತರಿಸಿದ ಮೇಲೂ ಕಥೆ ಮುಗಿಯುವುದಿಲ್ಲ, ಮಿಕ್ಕಿದ್ದು ಎರಡನೇ ಭಾಗದಲ್ಲಂತೆ. ಥೂ! ವೈಜ್ಞಾನಿಕ ಸಿನಿಮಾಗಳದ್ದು ಇನ್ನೊಂದು ಕರ್ಮ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಗಾಳಿಯೇ ಇಲ್ಲದ ಆಕಾಶದಲ್ಲಿ ಢಮಾರ್ ಅಂತ ಸದ್ದು ಮಾಡಿಸುತ್ತಾರೆ, ನೋಡಿಕೊಂಡು ಸುಮ್ಮನಿರಬೇಕು. ಎಲ್ಲದಕ್ಕೂ ನೀಲಿ ಬೆಳಕು ಬಿಟ್ಟರೆ ಅದು ಭವಿಷ್ಯವಂತೆ.

ಇಷ್ಟು ಬೈಯುವವಳು ಪ್ರತಿ ಶುಕ್ರವಾರ ಮಲ್ಲೇಶ್ವರದಲ್ಲಿ ಬೆಳಗಿನ ಆಟಕ್ಕೆ ಹೋಗುತ್ತಿದ್ದುದಕ್ಕೆ ಒಂದೇ ಕಾರಣ. ನಮ್ಮ ಮನೆಯವರಿಗೆ ಕಣ್ಣು ಹೋಗಿತ್ತು.

ಗಾಂಧಿನಗರದಲ್ಲಿ ಸಿನಿಮಾ ವಿತರಕರೊಬ್ಬರ ಆಫೀಸಿನಲ್ಲಿ ಅವರು ಕೆಲಸಕ್ಕಿದ್ದರು. ಮೊದಲ ದಿನ ಮೊದಲ ಆಟ ನೋಡಿ ಬಂದು, ಈ ಸಿನಿಮಾ ನಾಲ್ಕು ವಾರ ನಿಲ್ಲುತ್ತೆ, ಇದು ಮಲಗುತ್ತೆ ಅಂತ ಹೇಳುವುದೇ ಅವರ ಹೆಚ್ಚುಗಾರಿಕೆ. ರಿಟೈರಾದ ಮೇಲೂ ಶುಕ್ರವಾರ ನಾಲ್ಕು ಗಂಟೆ ಹೊಡೆದರೆ ಹಳೆಯ ನಾಲ್ಕೈದು ಜನ ಫೋನ್ ಮಾಡುತ್ತಿದ್ದರು. ‘ಏನ್ ಸಾರ್, ಹೆಂಗಿದೆ? ನಿಲ್ಲುತ್ತಾ?’ ಆ ಒಂದು ಪ್ರಶ್ನೆಗೋಸ್ಕರ ಈ ಮನುಷ್ಯ ಗಡ್ಡ ಹೆರೆದುಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು, ಬೆಳಗ್ಗೆ ಎಂಟಕ್ಕೇ ತಯಾರಾಗಿ ಕೂರುತ್ತಿದ್ದರು.

ಕಣ್ಣಿನ ಒತ್ತಡ ಹೆಚ್ಚಾಗಿ ನೋಟ ಮೊದಲು ಎರಡೂ ಪಕ್ಕ ಮುಚ್ಚಿಕೊಂಡಿತು, ಆಮೇಲೆ ನಡುವೆಯೂ. ಡಾಕ್ಟರು ಕೈಚೆಲ್ಲಿದ ದಿನ ಆಟೋದಲ್ಲಿ ಬರುವಾಗ ಇವರು ಹೇಳಿದ್ದು ಒಂದೇ ಮಾತು: ‘ಗಾಂಧಿನಗರದೋರಿಗೆ ಗೊತ್ತಾಗ್ಬಾರ್ದು ಕಣೇ. ಕುರುಡ ಸಿನಿಮಾ ನೋಡಿ ಹೇಳ್ತೀನಿ ಅಂದ್ರೆ ಯಾರ್ ಕೇಳ್ತಾರೆ?’

ಅವತ್ತಿನಿಂದ ಮೂರು ವರ್ಷ ಹಿಂದಿನ ಸಾಲಿನ ಮೂಲೆ ಸೀಟು. ಅವರ ಕಿವಿಗೆ ನನ್ನ ಬಾಯಿ. ಪರದೆಯ ಮೇಲೆ ಏನಾಗುತ್ತಿದೆ, ಜನ ಮೊಬೈಲು ತೆಗೆದರಾ, ಯಾರಾದರೂ ಎದ್ದು ಹೋದರಾ, ಎಲ್ಲವನ್ನೂ ಪಿಸುಗುಟ್ಟಬೇಕು.

‘ಏನ್ಮಾಡ್ತಿದಾನೆ?’

‘ಹೊಡೀತಿದಾನೆ.’

‘ಈಗ?’

‘ಇನ್ನೂ ಹೊಡೀತಾನೇ ಇದಾನೆ.’

‘ಯಾರನ್ನೇ?’

‘ಯಾರಿಗ್ಗೊತ್ತು ರೀ! ಬರೀ ಕತ್ತಲು, ನನಗೂ ಏನೂ ಕಾಣಿಸ್ತಿಲ್ಲ.’

ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಣ್ಣು ಹೋದ ಮೇಲೆ ಅಷ್ಟು ನಕ್ಕಿದ್ದು ಅದೊಂದೇ ಸಲ.

ಕಳೆದ ವರ್ಷದ ಕೊನೆಗೆ ಒಂದು ಸಿನಿಮಾ ಬಂತು. ಭೂಮಿಯಲ್ಲಿ ನೀರು ಬತ್ತಿ, ಜನ ದೊಡ್ಡ ಹಡಗಿನಂಥ ವಿಮಾನ ಹತ್ತಿ ಬೇರೆ ಗ್ರಹಕ್ಕೆ ಹೊರಡುವ ಕಥೆ. ಎರಡೂವರೆ ಗಂಟೆ ಅದೇ ಗುಂಡು, ಅದೇ ಬೆಂಕಿ. ಕೊನೆಗೆ ಮಗ ತನ್ನ ಕುರುಡು ಅಪ್ಪನನ್ನು ನಿಲ್ದಾಣದ ಕುರ್ಚಿಯಲ್ಲಿ ಕೂರಿಸುತ್ತಾನೆ. ಕೆಲಸಕ್ಕೆ ಬಾರದವನೆಂದು ಪಟ್ಟಿಯಲ್ಲಿ ಅವನ ಹೆಸರಿಗೆ ಗೀಟು ಹಾಕಿರುತ್ತಾರೆ, ಕೆಳಗೆ ಮಗನದೇ ಸಹಿ; ಎಲ್ಲ ಮಾತಿಲ್ಲದೆ, ಬರೀ ಚಿತ್ರದಲ್ಲಿ. ಮಗ ಅಪ್ಪನ ಬೆನ್ನು ಸವರಿ, ಮಾತಾಡದೆ ಹೋಗಿಬಿಡುತ್ತಾನೆ. ವಿಮಾನ ಮೇಲೇರಿದ ಮೇಲೆ ಒಂದೇ ಒಂದು ಸದ್ದಿಲ್ಲ.

‘ಯಾಕೆ ಸುಮ್ಮನಾಯ್ತು? ಏನಾಯ್ತು?’ ಅಂತ ಇವರು ನನ್ನ ಮೊಣಕೈ ಹಿಡಿದರು. ಹೇಗೆ ಹೇಳಲಿ, ಹೇಳಿ! ‘ಅಪ್ಪನ್ನ ಕರ್ಕೊಂಡು ಹೋದ್ರು ರೀ’ ಅಂದುಬಿಟ್ಟೆ.

ನಾಲ್ಕು ಗಂಟೆಗೆ ಹಳೆಯ ಆಫೀಸಿನ ಹುಡುಗನೊಬ್ಬನ ಫೋನ್ ಬಂತು. ಇವರು ಸ್ಪೀಕರ್ ಹಾಕಿ, ಗತ್ತಿನಿಂದ ಶುರುಮಾಡಿದರು. ‘ಮೊದಲರ್ಧ ಎಳೆದಿದಾನೆ. ಆದ್ರೆ ಕೊನೇಲಿ ಆ ಮುದುಕನ್ನೂ ಕರ್ಕೊಂಡ್ ಹೋಗ್ತಾರಲ್ಲ, ಅಲ್ಲಿ ಗೆದ್ದ ನೋಡಪ್ಪ. ಹೆಂಗಸ್ರು ಬರ್ತಾರೆ.’

ಆ ಕಡೆಯಿಂದ ಹುಡುಗ ತಡೆದ. ‘ಸಾರ್, ಯಾವ ಸಿನಿಮಾ ನೋಡಿದ್ರಿ ನೀವು? ನಾನೂ ಈಗ ನೋಡ್ಕೊಂಡೇ ಬಂದೆ, ಬಿಟ್ಟು ಹೋಗ್ತಾರಲ್ಲ ಸಾರ್ ಅವನನ್ನ?’

ನಾನು ಹುಚ್ಚಿಯ ಹಾಗೆ, ನಿದ್ದೆ ಬಂದಿತ್ತು ಅನ್ನಿ ಅಂತ ಕೈಸನ್ನೆ ಮಾಡುತ್ತಿದ್ದೆ. ಯಾರಿಗೆ ಕಾಣಬೇಕು ನನ್ನ ಸನ್ನೆ?

ಇವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ‘ನಂಗೆ ಕಣ್ಣು ಕಾಣಲ್ಲಪ್ಪ. ಮೂರ್ ವರ್ಷ ಆಯ್ತು’ ಅಂದರು.

‘ಅಯ್ಯಯ್ಯೋ, ಮುಂಚೆನೇ ಹೇಳ್ಬಾರ್ದಾ ಸಾರ್? ರೆಸ್ಟ್ ತಗೊಳ್ಳಿ, ರೆಸ್ಟ್ ತಗೊಳ್ಳಿ.’ ಆ ಹುಡುಗನದು ಒಳ್ಳೆಯ ಮನಸ್ಸೇ. ಆದರೂ ಅವನ ಅನುಕಂಪ ಕೇಳಲಾರದೆ ನಾನು ಎದ್ದು ಅಡುಗೆಮನೆಗೆ ಹೋದೆ.

ಒಂದು ವಾರ ಇವರು ನನ್ನ ಜೊತೆ ಊಟ ತಿಂಡಿಗೆ ಬೇಕಾದಷ್ಟೇ ಮಾತಾಡಿದರು. ಮುಂದಿನ ಶುಕ್ರವಾರ ಸಿನಿಮಾಕ್ಕೆ ಹೊರಡಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕಾಯಿತು, ಐದಾಯಿತು. ಒಬ್ಬರೂ ಫೋನ್ ಮಾಡಲಿಲ್ಲ. ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಾ, ನನಗೆ ನಾನೇ ಶಾಪ ಹಾಕಿಕೊಳ್ಳುತ್ತಾ ಕೂತಿದ್ದೆ. ಇವರು ಗೋಡೆ ತಡವಿಕೊಂಡು ಒಳಗೆ ಬಂದರು.

‘ಆ ಸೀನ್ ಹೇಳು. ಇದ್ದಂಗೇ ಹೇಳು.’

ಹೇಳಿದೆ. ಮುದುಕ ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದು. ವಿಮಾನ ಹೋದ ಮೇಲೂ ಮಗ ಬರುತ್ತಾನೆಂದು ಪಕ್ಕದ ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿದ್ದು. ಕಣ್ಣೀರಿಲ್ಲ, ಸಂಗೀತವಿಲ್ಲ, ಅಷ್ಟೇ.

ಪೂರ್ತಿ ಕೇಳಿಸಿಕೊಂಡರು. ‘ಎಂಥಾ ಸೀನೇ! ಈ ದರಿದ್ರ ಕಾಲದಲ್ಲಿ ವರ್ಷಕ್ಕೊಂದು ಇಂಥದ್ದು ಬಂದ್ರೆ ಹೆಚ್ಚು’ ಅಂದರು. ನಿಟ್ಟುಸಿರು ಬಿಟ್ಟರು. ನನಗೆ ಸ್ವಲ್ಪ ಧೈರ್ಯ ಬಂತು.

‘ನಿಮಗೆ ನೋವಾಗುತ್ತೆ ಅಂತ ಕಣ್ರೀ...’ ಅಂದೆ.

‘ಅವನನ್ನ ಬಿಟ್ಟು ಹೋದೋರು ಪರದೆ ಮೇಲಿನೋರು’ ಅಂದರು. ‘ನೀನು ನನ್ನ ಪಕ್ಕದಲ್ಲೇ ಕೂತಿದ್ದೆ.’